ಮೇ ಬಿಸಿಲಿಗೆ ಹಳಸದ ಬುತ್ತಿ: ಬೆಂಗಳೂರಿನಿಂದ ರಂಗನತಿಟ್ಟು, ಮೇಲುಕೋಟೆಗೆ ಒಂದು ದಿನ

ಬುತ್ತಿ ಹಳಸಿದಾಗ ಎಲ್ಲರೂ ಬೈಯುವುದು ಬಿಸಿಲನ್ನು. ನಿಜವಾದ ತಪ್ಪು ನಡೆದಿರುವುದು ಬೆಳಗ್ಗೆ ಐದು ಗಂಟೆಗೆ ಅಡುಗೆಮನೆಯಲ್ಲಿ. ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಆವಿ ಒಳಗೇ ನೀರಾಗಿ ಇಳಿಯುತ್ತದೆ, ಆ ಸೆಕೆಯಲ್ಲಿ ಅನ್ನ ಗಂಟೆಗಟ್ಟಲೆ ಕೂರುತ್ತದೆ. ಹನ್ನೆರಡಕ್ಕೆ ಮುಚ್ಚಳ ತೆಗೆದಾಗ ಹುಳಿವಾಸನೆ ಬರುವುದು ಇದರಿಂದಲೇ. ಆದ್ದರಿಂದ ಮೊದಲು ಬುತ್ತಿ ನೋಡೋಣ, ಊರು ಸುತ್ತುವುದು ಆಮೇಲೆ. ಅಳತೆಯೆಲ್ಲ ನಾಲ್ಕು ದೊಡ್ಡವರು, ಇಬ್ಬರು ಮಕ್ಕಳಿಗೆ.

ಪುಳಿಯೋಗರೆಗೆ ಅರ್ಧ ಕೆಜಿ ಹಳೆಯ ಸೋನಾ ಮಸೂರಿ. ಗೊಜ್ಜನ್ನು ಹಿಂದಿನ ದಿನವೇ ಮಾಡಿಡಿ: 100 ಗ್ರಾಂ ಹುಣಸೆಹಣ್ಣು ನೆನೆಸಿ ಗಟ್ಟಿ ರಸ ತೆಗೆದು, 50 ಗ್ರಾಂ ಬೆಲ್ಲ, ಉಪ್ಪು, ಅರಿಶಿನ ಹಾಕಿ ಕುದಿಸಿ. ಪುಡಿಗೆ 3 ದೊಡ್ಡ ಚಮಚ ಕೊತ್ತಂಬರಿ ಬೀಜ, ತಲಾ 1 ಸಣ್ಣ ಚಮಚ ಜೀರಿಗೆ ಮತ್ತು ಮೆಣಸು, ಅರ್ಧ ಚಮಚ ಮೆಂತ್ಯ, 12ರಿಂದ 15 ಬ್ಯಾಡಗಿ ಮೆಣಸಿನಕಾಯಿ. ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಸೀದರೆ ಇಡೀ ಗೊಜ್ಜು ಕಹಿ. ಎರಡು ಚಮಚ ಕರಿಎಳ್ಳು, ಅರ್ಧ ಗಿಟುಕು ಒಣಕೊಬ್ಬರಿ ಕೊನೆಗೆ. ಹಸಿ ತೆಂಗಿನಕಾಯಿ ಮಾತ್ರ ಬೇಡ, ಈ ಸೆಕೆಗೆ ಮೊದಲು ಕೆಡುವುದು ಅದೇ. 100 ಮಿಲಿ ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ರಸ ಪುಡಿ ಎರಡನ್ನೂ ಸೇರಿಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕುದಿಸಬೇಕು. ಎಣ್ಣೆ ಬಿಡುವ ಮೊದಲೇ ಇಳಿಸಿದರೆ ನೀರಿನಂಶ ಉಳಿದು ಗೊಜ್ಜು ಬಾಳಿಕೆ ಬರುವುದಿಲ್ಲ.

ಅನ್ನವನ್ನು ಮಾತ್ರ ಹಿಂದಿನ ರಾತ್ರಿ ಮಾಡಿಡಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಕುಕ್ಕರ್ ಇಡಿ, ಒಂದಕ್ಕೆ ಎರಡು ಲೋಟ ನೀರು ಸಾಕು, ಅಗುಳು ಬಿಡಿಬಿಡಿಯಾಗಿರಬೇಕು. ಅಗಲವಾದ ತಟ್ಟೆ ಇಲ್ಲವೇ ಮೊರದ ಮೇಲೆ ಬಾಳೆಎಲೆ ಹಾಸಿ ಹರವಿ, ಎರಡು ಚಮಚ ಎಣ್ಣೆ ಸವರಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಿ. ಕೈಯ ಹಿಂಬದಿಗೆ ತಾಗಿಸಿದಾಗ ಬಿಸಿ ಗೊತ್ತಾಗಬಾರದು. ಆಗ ಗೊಜ್ಜು ಕಲಸಿ ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಒಣ ಬಾಳೆಎಲೆ ಮುಚ್ಚಿ. ಹುಳಿ ಇಳಿಯಲು ಹೇಗೂ ಎರಡು ಗಂಟೆ ಬೇಕು, ದಾರಿಯಲ್ಲೇ ಆ ಕೆಲಸ ಆಗುತ್ತದೆ.

ಮೊಸರನ್ನಕ್ಕೆ ಒಂದೇ ಗುಟ್ಟು: ಮನೆಯಲ್ಲಿ ಅದು ಹಾಲನ್ನವಾಗಿಯೇ ಹೊರಡಬೇಕು. ಕಾಲು ಕೆಜಿ ಅಕ್ಕಿಗೆ ಮೂರೂವರೆ ಪಟ್ಟು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಮಸೆಯಿರಿ. ಅರ್ಧ ಲೀಟರ್ ಕಾಯಿಸಿದ ಹಾಲು ಹಾಕಿ ಆರಲು ಬಿಡಿ. ಬೆರಳದ್ದಿದರೆ ಹಿತವಾದ ಬೆಚ್ಚಗಿದ್ದಾಗ ಎರಡು ದೊಡ್ಡ ಚಮಚ ಸಿಹಿ ಮೊಸರು ಬೆರೆಸಿ. ಐದೂವರೆಗೆ ಬೆರೆಸಿದ್ದು ಹನ್ನೆರಡರ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಮನೆಯಲ್ಲೇ ಬಟ್ಟಲುಗಟ್ಟಲೆ ಮೊಸರು ಸುರಿದರೆ ಊಟದ ಹೊತ್ತಿಗೆ ಹಲ್ಲು ಚಳಿಯುವಷ್ಟು ಹುಳಿ; ಹಾಲು ಸುಡುವಾಗಲೇ ಮೊಸರು ಹಾಕಿದರೆ ಒಡೆದು ನೀರು ಬೇರೆಯಾಗುತ್ತದೆ. ಸಾಸಿವೆ, ಶುಂಠಿ, ಹಸಿಮೆಣಸಿನ ಒಗ್ಗರಣೆ ಮನೆಯಲ್ಲೇ ಆಗಲಿ. ಈರುಳ್ಳಿ, ಸೌತೆಕಾಯಿ, ದ್ರಾಕ್ಷಿ ಏನಿದ್ದರೂ ಬಡಿಸುವಾಗ. ನಂಚಿಕೊಳ್ಳಲು ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಇದ್ದೇ ಇರುತ್ತದೆ.

ಕೋಸಂಬರಿ ಬೇಕೆಂದರೆ ನೆನೆದ ಹೆಸರುಬೇಳೆಯನ್ನು ನೀರು ಪೂರ್ತಿ ಬಸಿದು ಐಸ್ ಬಾಟಲಿಯ ಪಕ್ಕ ಇಟ್ಟು ಒಯ್ಯಿರಿ. ಸೌತೆಕಾಯಿ ಹೆಚ್ಚುವುದು, ಉಪ್ಪು, ನಿಂಬೆರಸ ಎಲ್ಲ ಅಲ್ಲೇ. ಮೊದಲೇ ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ. ದಾರಿಯಲ್ಲಿ ಬಾಯಾಡಲು ಕೋಡುಬಳೆ, ಹುರಿಗಾಳು. ಬೆಳಗಿನ ತಿಂಡಿಗೆ ಚಪಾತಿ, ಚಟ್ನಿಪುಡಿ, ತುಪ್ಪ. ಚಪಾತಿಯನ್ನೂ ಆರಿಸಿಯೇ ಹತ್ತಿಬಟ್ಟೆಯಲ್ಲಿ ಸುತ್ತಬೇಕು. ರಸಪುರಿ, ಬಾದಾಮಿ ಮಾವಿನಹಣ್ಣನ್ನು ಇಡಿಯಾಗಿಯೇ ಒಯ್ದು ತಿನ್ನುವಾಗ ಕೊಯ್ಯಿರಿ, ಚಾಕು ಮರೆಯಬೇಡಿ.

ದಿನವಿಡೀ ಬಿಸಿಲಲ್ಲಿರುವುದರಿಂದ ದೊಡ್ಡವರಿಗೆ ತಲಾ ಮೂರು ಲೀಟರ್, ಮಕ್ಕಳಿಗೆ ಒಂದೂವರೆ ಲೀಟರ್ ನೀರಿನ ಲೆಕ್ಕ ಹಿಡಿಯಿರಿ. ಮೂರು ಬಾಟಲಿಯಲ್ಲಿ ಮುಕ್ಕಾಲು ಭಾಗ ಮಾತ್ರ ನೀರು ತುಂಬಿ ರಾತ್ರಿ ಫ್ರೀಜರಿಗೆ ಇಡಿ. ತುಂಬಿಸಿಟ್ಟರೆ ನೀರು ಗಡ್ಡೆಕಟ್ಟಿ ಹಿಗ್ಗಿ ಬಾಟಲಿ ಬಿರಿಯುತ್ತದೆ. ಪಾನಕಕ್ಕೆ ಲೀಟರಿಗೆ 100 ಗ್ರಾಂ ಬೆಲ್ಲ, ಒಣಶುಂಠಿ, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲದ ನೀರು ಈ ಸೆಕೆಗೆ ಬೇಗ ಹುದುಗುತ್ತದೆ, ಮಧ್ಯಾಹ್ನದೊಳಗೆ ಮುಗಿಯುವಷ್ಟೇ ಮಾಡಿ. ಮಜ್ಜಿಗೆಗೆ ಒಂದು ಪಾಲು ಮೊಸರಿಗೆ ಮೂರು ಪಾಲು ತಣ್ಣೀರು.

ಡಬ್ಬಿಗಳನ್ನು ಡಿಕ್ಕಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ನಿಂತ ಕಾರಿನ ಡಿಕ್ಕಿ ಬೇಗ ಕಾಯುತ್ತದೆ, ಎಸಿಯ ಗಾಳಿಯೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಿಂದಿನ ಸೀಟಿನ ಕಾಲಬುಡದಲ್ಲಿ ಒದ್ದೆ ಟವೆಲ್ ಸುತ್ತಿ, ಐಸ್ ಬಾಟಲಿಗಳ ಮಧ್ಯೆ ಇಡಿ. ಹೆಪ್ಪಾಗಬೇಕಾದ ಮೊಸರನ್ನದ ಡಬ್ಬಿ ಮಾತ್ರ ಐಸಿನಿಂದ ದೂರವಿರಲಿ.

ಐದೂವರೆಗೆ ಮನೆ ಬಿಡಬೇಕು. ಬೈಕಿನಲ್ಲಿ ಹೊರಟವರು ಸರ್ವಿಸ್ ರಸ್ತೆ ಹಿಡಿಯಿರಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಒಂಬತ್ತರೊಳಗೆ ರಂಗನತಿಟ್ಟು ಸೇರಿದರೆ ದೋಣಿಗೆ ಸರತಿ ಕಡಿಮೆ, ಬಿಸಿಲೂ ಎಳೆಯದು. 1940ರಲ್ಲಿ ಸಲೀಂ ಅಲಿಯವರ ಸಲಹೆಯಂತೆ ಕಾವೇರಿಯ ಈ ನಡುಗಡ್ಡೆಗಳು ಪಕ್ಷಿಧಾಮವಾದವು. ಬೇಸಿಗೆಯಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ, ಮಕ್ಕಳಿಗೆ ತೋರಿಸಲು ಇದೇ ಸಕಾಲ. ತಾಯಿ ಕೊಕ್ಕರೆ ರೆಕ್ಕೆ ಅರಳಿಸಿ ಮರಿಗೆ ನೆರಳು ಹಿಡಿದಿರುವುದನ್ನು ನೋಡಬೇಕಾದರೆ ದೋಣಿಯಲ್ಲಿ ಮಾತು ಕಡಿಮೆಯಿರಲಿ. ಕೈ ನೀರಿಗೆ ಇಳಿಬಿಡುವಂತಿಲ್ಲ, ಅಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಂಡೆಯ ಹಾಗೇ ಮಲಗಿರುತ್ತವೆ.

ಅಲ್ಲಿಂದ ಸಂಗಮಕ್ಕೋ ಬಲಮುರಿಗೋ ಹೋಗಿ ನೀರಿಗಿಳಿಯೋಣ ಎಂದು ಮಕ್ಕಳು ಹಟ ಹಿಡಿಯುವುದು ಖಂಡಿತ. ಬೇಸಿಗೆಯಲ್ಲಿ ನದಿ ಬಡವಾಗಿ ಕಾಣುತ್ತದೆ, ಆದರೆ ಪಾಚಿಗಟ್ಟಿದ ಬಂಡೆಯ ನಡುವಿನ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಮಟ್ಟವೂ ಏರುತ್ತದೆ. ದಡದಲ್ಲಿ ಪಾದ ತೋಯಿಸಿಕೊಂಡು ಬರುವುದಕ್ಕಿಂತ ಹೆಚ್ಚಿನದು ಬೇಡ.

ಪಾಂಡವಪುರದ ಮೇಲೆ ಮೇಲುಕೋಟೆಯತ್ತ ಹೊರಟು ಹನ್ನೆರಡರ ಹೊತ್ತಿಗೆ ನೆರಳು ಹುಡುಕಿ. ಕೆರೆತೊಣ್ಣೂರಿನ ಕಡೆಗೆ ತಿರುಗಿದರೆ ದೊಡ್ಡ ಕೆರೆಯೂ ಸಿಗುತ್ತದೆ, ನಂಬಿನಾರಾಯಣನ ಗುಡಿಯೂ ಸಿಗುತ್ತದೆ. ಕೂರಲು ಹೊಂಗೆ ಮರಕ್ಕೆ ಸಮನಾದದ್ದಿಲ್ಲ, ಈ ಕಾಲದಲ್ಲಿ ಹೊಸ ಎಲೆ ತುಂಬಿ ನೆರಳು ದಟ್ಟವಾಗಿರುತ್ತದೆ. ಜಮಖಾನ ಹಾಸುವ ಮುಂಚೆ ಒಮ್ಮೆ ಮೇಲೆ ನೋಡಿ, ಹೆಜ್ಜೇನು ಕಟ್ಟಿದ್ದರೆ ಸದ್ದಿಲ್ಲದೆ ಜಾಗ ಬದಲಿಸಿ. ತೋಟವಾದರೆ ಯಜಮಾನರನ್ನು ಒಂದು ಮಾತು ಕೇಳಿ. ಬಡಿಸುವ ಮುಂಚೆ ಅನ್ನವನ್ನು ಬೆರಳಲ್ಲಿ ಹಿಸುಕಿ ನೋಡಿ: ಲೋಳೆಯಾಗಿ ಅಂಟಿ ನೂಲಿನಂತೆ ಎಳೆದುಕೊಂಡರೆ ಹಳಸಿದೆ ಎಂದರ್ಥ. ಒಗ್ಗರಣೆ, ನಿಂಬೆಹುಳಿ ಯಾವುದೂ ಅದನ್ನು ಸರಿಮಾಡುವುದಿಲ್ಲ. ಅಡಿಕೆ ಹಾಳೆ ತಟ್ಟೆ ಒಯ್ದರೆ ತೊಳೆಯುವ ನೀರು ಉಳಿಯುತ್ತದೆ. ಕಸಕ್ಕೆ ಒಂದು ಚೀಲ ಬೇರೆಯೇ ಇರಲಿ.

ಊಟವಾದ ಮೇಲೆ ಓಡಾಟ ಬೇಡ. ಮಧ್ಯಾಹ್ನ ಚೆಲುವನಾರಾಯಣನ ಗುಡಿಯ ಬಾಗಿಲೂ ಹಾಕಿರುತ್ತದೆ, ಬರಿಗಾಲಿಗೆ ಚಪ್ಪಡಿಕಲ್ಲು ಸುಡುತ್ತದೆ. ಮಕ್ಕಳು, ಅಜ್ಜಿ-ತಾತಂದಿರು ಒಂದು ನಿದ್ದೆ ತೆಗೆಯಲಿ. ನಾಲ್ಕರ ಮೇಲೆ ಕಲ್ಯಾಣಿ, ಗುಡಿ ನೋಡಿಕೊಂಡು, ಬಿಸಿಲು ಇಳಿದ ಮೇಲೆ ಯೋಗನರಸಿಂಹನ ಬೆಟ್ಟ ಹತ್ತಿ. ಮಂಡಿನೋವಿನವರು ಕಲ್ಯಾಣಿಯ ಮಂಟಪದಲ್ಲೇ ಕೂರುವುದು ಒಳ್ಳೆಯದು. ಹತ್ತುವಾಗ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಕೋತಿಗಳು ತಿಂಡಿಯೆಂದೇ ಕಿತ್ತುಕೊಳ್ಳುತ್ತವೆ. ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಮೊಬೈಲು ಎಲ್ಲ ಜಿಪ್ ಇರುವ ಬ್ಯಾಗಿನೊಳಗಿರಲಿ. ಕಿತ್ತುಕೊಂಡರೆ ಜಗ್ಗಾಡಬೇಡಿ, ಬಿಟ್ಟುಬಿಡಿ.

ಭರಣಿ, ಕೃತ್ತಿಕೆ ಮಳೆಗಳು ಬರುವುದು ಏಪ್ರಿಲ್ ಕೊನೆಯಿಂದ ಮೇ ನಾಲ್ಕನೇ ವಾರದವರೆಗೆ, ಅದೂ ಹೆಚ್ಚಾಗಿ ಸಂಜೆಗೆ, ಗುಡುಗು ಸಿಡಿಲಿನ ಜೊತೆ. ಪಡುವಣದಲ್ಲಿ ಮೋಡ ಕಪ್ಪಿಟ್ಟು ತಣ್ಣನೆ ಗಾಳಿ ಬೀಸಿದರೆ ಅರ್ಧ ಬೆಟ್ಟದಲ್ಲಿದ್ದರೂ ಇಳಿಯಿರಿ. ಮರದ ಕೆಳಗೆ ನಿಲ್ಲದೆ ಕಾರಿನೊಳಗೆ ಕೂತರೆ ಭಯವಿಲ್ಲ. ಬುತ್ತಿಯಲ್ಲಿ ಉಳಿದದ್ದರಲ್ಲಿ ಕೋಡುಬಳೆ, ಹುರಿಗಾಳು ಮನೆಗೆ ಬರಲಿ. ಕಲಸಿದ ಅನ್ನ ಹುಳಿ ವಾಸನೆಯಿಲ್ಲ ಅನ್ನಿಸಿದರೂ ರಾತ್ರಿಗೆ ಇಡಬೇಡಿ. ಮೊಸರನ್ನವನ್ನಂತೂ ಊಟ ಮುಗಿದಲ್ಲೇ ಮುಗಿಸಿ. ಗೊಜ್ಜು ಸ್ವಲ್ಪ ಮನೆಯಲ್ಲೇ ತೆಗೆದಿಟ್ಟಿದ್ದರೆ, ಬಂದು ಒಂದು ಲೋಟ ಅಕ್ಕಿ ಇಟ್ಟರೆ ರಾತ್ರಿ ಊಟಕ್ಕೆ ಸಾಕು.