ಯುಎಸ್‌ಬಿ ಪೋರ್ಟಿಗೆ ಕರೆಂಟು ಎಲ್ಲಿಂದ? ಬೋರ್ಡಿಗೆ ತಿಳಿಸುವುದು ಹೀಗೆ

ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ಎಷ್ಟೋ ತೋಟಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲ) ನೀರು ಬಂದು ಬೀಳುವ ಟ್ಯಾಂಕ್ ಮನೆಯಿಂದ ದೂರ, ಗುಡ್ಡದ ಬದಿಯಲ್ಲಿ ಇರುತ್ತದೆ. ಅಲ್ಲೊಂದು ಸಣ್ಣ ಲಿನಕ್ಸ್ ಬೋರ್ಡ್, ನೀರಿನ ಮಟ್ಟ ಅಳೆಯುವ ಸೆನ್ಸರ್, ಯುಎಸ್‌ಬಿ ಪೋರ್ಟಿಗೆ 4ಜಿ ಡಾಂಗಲ್ ಸಿಕ್ಕಿಸಿದರೆ ಮೊಬೈಲಿನಲ್ಲೇ ಲೆಕ್ಕ ಸಿಗುತ್ತದೆ. ಡಾಂಗಲ್ ಹ್ಯಾಂಗ್ ಆದರೆ ಮಾತ್ರ ಕಷ್ಟ. ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಅದನ್ನು ಕಿತ್ತು ಮತ್ತೆ ಸಿಕ್ಕಿಸಬೇಕು. ಈ ಓಡಾಟ ತಪ್ಪಬೇಕಾದರೆ ಪೋರ್ಟಿನ ಕರೆಂಟನ್ನು ಬೋರ್ಡೇ ಆರಿಸಿ ಮತ್ತೆ ಆನ್ ಮಾಡುವಂತಿರಬೇಕು. ಅದಕ್ಕೆ ಆ 5 ವೋಲ್ಟ್ ಯಾವ ದಾರಿಯಿಂದ ಬರುತ್ತದೆ ಎಂದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಗೊತ್ತಿರಬೇಕು. ಅದನ್ನು ಬರೆದಿಡುವ ಜಾಗವೇ ಡಿವೈಸ್ ಟ್ರೀ ಫೈಲ್, ಅಂದರೆ ಬೋರ್ಡಿನಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಜೋಡಿಸಿದೆ ಎಂಬ ಪಟ್ಟಿ.

ಮೊದಲು ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕಿಟ್ ನಕ್ಷೆ) ತೆರೆಯಿರಿ. ಯುಎಸ್‌ಬಿ ಪೋರ್ಟಿನ 1ನೇ ಪಿನ್ ವಿಬಸ್, ಅಂದರೆ 5 ವೋಲ್ಟ್ ಬರುವ ಪಿನ್. ಅಲ್ಲಿಂದ ಗೆರೆ ಹಿಡಿದು ಹಿಂದೆ ಹೋದರೆ ಸಾಮಾನ್ಯವಾಗಿ ಒಂದು ಪವರ್ ಸ್ವಿಚ್ ಐಸಿ ಸಿಗುತ್ತದೆ. ಅದರ ಎನೇಬಲ್ ಪಿನ್ ಪ್ರೊಸೆಸರಿನ ಯಾವ ಜಿಪಿಐಒಗೆ (ಸಾಫ್ಟ್‌ವೇರಿನಿಂದ ಮೇಲೆ ಕೆಳಗೆ ಮಾಡಬಹುದಾದ ಪಿನ್) ಹೋಗಿದೆ ನೋಡಿ. ಪಿನ್ ಮೇಲೆದ್ದಾಗ ಆನ್ ಆಗುತ್ತದೋ, ಕೆಳಗಿಳಿದಾಗಲೋ ಎಂಬುದನ್ನೂ ಐಸಿಯ ಡೇಟಾಶೀಟಿನಲ್ಲಿ ನೋಡಿಕೊಳ್ಳಿ. ಗೆರೆ ನೇರವಾಗಿ 5 ವೋಲ್ಟ್ ಲೈನಿಗೇ ಹೋಗಿದ್ದರೆ ಸಾಫ್ಟ್‌ವೇರಿನಿಂದ ಆರಿಸುವ ಆಸೆ ಬಿಡಿ, ಸ್ವಿಚ್ಚೇ ಇಲ್ಲವಲ್ಲ!

ಮುಂದಿನದು ಬರವಣಿಗೆ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ಈ ಸ್ವಿಚ್ಚಿಗಾಗಿ ಒಂದು ನೋಡ್ (ಫೈಲಿನಲ್ಲಿ ಒಂದು ಭಾಗದ ವಿವರವಿರುವ ತುಣುಕು) ಮಾಡಿ, ಕಂಪ್ಯಾಟಿಬಲ್ ಎಂಬಲ್ಲಿ ‘ರೆಗ್ಯುಲೇಟರ್-ಫಿಕ್ಸ್ಡ್’ ಎಂದು ಹಾಕಿ. ವೋಲ್ಟೇಜನ್ನು ಮೈಕ್ರೋವೋಲ್ಟಿನಲ್ಲಿ ಕೊಡಬೇಕು. ಕನಿಷ್ಠ, ಗರಿಷ್ಠ ಎರಡೂ 5000000. ಒಂದು ಸೊನ್ನೆ ತಪ್ಪಿದರೂ ಅರ್ಥ ಕೆಡುತ್ತದೆ. ಆಮೇಲೆ ಜಿಪಿಐಒ ಸಂಖ್ಯೆ.

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಜಿಪಿಐಒ ಸಾಲಿನ ಕೊನೆಯಲ್ಲಿ ‘ಆಕ್ಟಿವ್ ಹೈ’ (ಪಿನ್ ಮೇಲೆದ್ದಾಗ ಆನ್) ಎಂದು ಬರೆದಿದ್ದೇವೆ, ಸಾಕಲ್ವಾ? ಸಾಲದು. ಹಳೆಯ ಕಾರಣಗಳಿಂದ ಈ ಬಗೆಯ ನೋಡ್‌ನಲ್ಲಿ ಕರ್ನಲ್ ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಎನೇಬಲ್-ಆಕ್ಟಿವ್-ಹೈ’ ಎಂಬ ಬೇರೆ ಸಾಲು ಇದ್ದರೆ ಮಾತ್ರ ಹೈ, ಇಲ್ಲದಿದ್ದರೆ ಲೋ. ಪೋರ್ಟ್ ಉಲ್ಟಾ ವರ್ತಿಸುತ್ತಿದ್ದರೆ ಮೊದಲು ಈ ಸಾಲು ಹುಡುಕಿ.

ನೋಡ್ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ಕರೆಂಟು ಯಾರಿಗೆ ಎಂದೂ ಹೇಳಬೇಕು. ಯುಎಸ್‌ಬಿ ಕಂಟ್ರೋಲರ್ ಅಥವಾ ಅದರ ಫೈ (ವಯರಿನ ಸಿಗ್ನಲ್ ನೋಡಿಕೊಳ್ಳುವ ಭಾಗ) ನೋಡ್‌ನಲ್ಲಿ ‘ವಿಬಸ್-ಸಪ್ಲೈ’ ಎಂದು ಬರೆದು ಮೇಲಿನ ನೋಡ್‌ಗೆ ಜೋಡಿಸಿ. ಕೆಲವು ಚಿಪ್‌ಗಳಲ್ಲಿ ಇದೇ ಸಾಲಿನ ಹೆಸರು ‘ಫೈ-ಸಪ್ಲೈ’. ನಿಮ್ಮ ಚಿಪ್‌ಗೆ ಯಾವುದು ಎಂಬುದು ಕರ್ನಲ್ ಜೊತೆಗೇ ಬರುವ ಬೈಂಡಿಂಗ್ ದಾಖಲೆಗಳಲ್ಲಿದೆ (ಯಾವ ಭಾಗಕ್ಕೆ ಏನೇನು ಬರೆಯಬೇಕು ಎಂಬ ವಿವರ). ಅಂದಾಜಿನಲ್ಲಿ ಬರೆಯಬೇಡಿ.

ಜೋಡಿಸದೆ ಬಿಟ್ಟರೆ ಒಂದು ವಿಚಿತ್ರ ಕಾಣಬಹುದು. ಬೋರ್ಡ್ ಆನ್ ಆಗುತ್ತದೆ, ಡಾಂಗಲಿನ ದೀಪ ಹೊತ್ತುತ್ತದೆ, ಸುಮಾರು 30 ಸೆಕೆಂಡಿಗೆ ಟಪ್ಪೆಂದು ಆರುತ್ತದೆ. ಡಾಂಗಲ್ ಕೆಟ್ಟಿಲ್ಲ. ಯಾರೂ ಕೇಳದ ರೆಗ್ಯುಲೇಟರುಗಳನ್ನು (ನಮ್ಮ ಸ್ವಿಚ್ಚಿನಂತಹ ಕರೆಂಟಿನ ಮೂಲಗಳನ್ನು) ಬೂಟ್ ಆದ ಮೇಲೆ ಕರ್ನಲ್ ಆರಿಸಿಬಿಡುತ್ತದೆ, ಅಷ್ಟೇ. ಇದಕ್ಕೆ ಸುಲಭದ ಮದ್ದೆಂದು ‘ರೆಗ್ಯುಲೇಟರ್-ಆಲ್ವೇಸ್-ಆನ್’ ಎಂದು ಹಾಕುವವರಿದ್ದಾರೆ. ದೀಪವೇನೋ ಉಳಿಯುತ್ತದೆ. ಆದರೆ ಆ ಸಾಲು ಇರುವವರೆಗೆ ಕರ್ನಲ್ ಆ ಸ್ವಿಚ್ ಆರಿಸುವುದೇ ಇಲ್ಲ, ನಾವು ಹೊರಟ ಉದ್ದೇಶವೇ ಹಾಳು. ಕರೆಂಟು ಕೊಡಲೂ ಪಡೆಯಲೂ ಬಲ್ಲ ಒಟಿಜಿ ಪೋರ್ಟಿಗಂತೂ ಅದು ಬೇಡವೇ ಬೇಡ. ಲ್ಯಾಪ್‌ಟಾಪಿಗೆ ಜೋಡಿಸಿದಾಗ ಎರಡೂ ಕಡೆಯಿಂದ 5 ವೋಲ್ಟ್ ನುಗ್ಗುತ್ತದೆ.

ಎರಡು ಪೋರ್ಟಿಗೆ ಒಂದೇ ಸ್ವಿಚ್ ಇದ್ದರೆ ಎರಡೂ ಕಡೆ ಅದೇ ನೋಡಿನ ಹೆಸರು ಕೊಡಿ. ಇಬ್ಬರೂ ಬೇಡವೆಂದಾಗ ಮಾತ್ರ ಅದು ಆರುತ್ತದೆ.

ಈಗ ಕಂಪೈಲ್ ಮಾಡಿ ಬೂಟ್ ಮಾಡಿ, ಕರ್ನಲ್ ಲಾಗ್ ಓದಿ. ‘ಸಪ್ಲೈ ವಿಬಸ್ ನಾಟ್ ಫೌಂಡ್, ಯೂಸಿಂಗ್ ಡಮ್ಮಿ ರೆಗ್ಯುಲೇಟರ್’ ಎಂದಿದ್ದರೆ ಜೋಡಣೆ ಕೂತಿಲ್ಲ, ಹೆಸರು ತಪ್ಪಿರಬೇಕು. ಡೀಬಗ್ ಫೋಲ್ಡರಿನ ರೆಗ್ಯುಲೇಟರ್ ಸಮ್ಮರಿಯಲ್ಲಿ ನಿಮ್ಮ ನೋಡಿನ ಕೆಳಗೆ ಯುಎಸ್‌ಬಿಯ ಹೆಸರು ಕಂಡರೆ ಸರಿ. ಮಲ್ಟಿಮೀಟರನ್ನೂ ಹಿಡಿಯಿರಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್, 3.0 ಆದರೆ 900 ಮಿಲಿಆಂಪ್ ಕೊಡಬೇಕು. ಸಿಗ್ನಲ್ ಸರಿಯಿಲ್ಲದ ಗುಡ್ಡದ ಮರೆಯಲ್ಲಿ ಡಾಂಗಲ್ ಜಾಸ್ತಿ ಎಳೆಯುತ್ತದೆ. ಆಗ ವೋಲ್ಟೇಜ್ 4.75ಕ್ಕಿಂತ ಕೆಳಗಿಳಿದರೆ ದೋಷ ಫೈಲಿನದ್ದಲ್ಲ, ಅಡಾಪ್ಟರಿನದ್ದೋ ವಯರಿನದ್ದೋ ಇರಬೇಕು.

ಕೊನೆಗೆ ಆರಿಸುವ ಪರೀಕ್ಷೆ. ಯುಎಸ್‌ಬಿ ಕಂಟ್ರೋಲರಿನ ಡ್ರೈವರನ್ನು ಅನ್‌ಬೈಂಡ್ ಮಾಡಿದರೆ (ಕಂಟ್ರೋಲರಿನಿಂದ ಬಿಡಿಸಿದರೆ) ಮೀಟರ್ ಸೊನ್ನೆಯ ಕಡೆ ಇಳಿಯಬೇಕು. ಕೆಪಾಸಿಟರ್ ಖಾಲಿಯಾಗಲು ಕೆಲವು ಸೆಕೆಂಡು ಬಿಟ್ಟು ಮತ್ತೆ ಬೈಂಡ್ ಮಾಡಿ. ಇವೆರಡನ್ನೂ ಬೋರ್ಡಿನಲ್ಲೇ ಓಡುವ ಒಂದೇ ಸ್ಕ್ರಿಪ್ಟಿನಲ್ಲಿ ಹಾಕಿ. ಮನೆಯಲ್ಲಿ ಕೂತು ಅದೇ ಡಾಂಗಲ್ ಮೂಲಕ ಲಾಗಿನ್ ಆಗಿ ಮೊದಲ ಕಮಾಂಡ್ ಮಾತ್ರ ಕೊಟ್ಟರೆ, ಎರಡನೆಯದನ್ನು ಕೊಡಲು ಕೊಡೆ ಹಿಡಿದೇ ಹೋಗಬೇಕಾದೀತು.