ಸೋಫಾ ಪರಚುವ ಬೆಕ್ಕಿಗೆ ಗೋಣಿಚೀಲದ ಹಲಗೆ
ಬೆಕ್ಕು ಸೋಫಾ ಪರಚುತ್ತಿದ್ದರೆ, ಒಂದು ಹಲಗೆಗೆ ಹಳೇ ಗೋಣಿಚೀಲ ಬಿಗಿಯಾಗಿ ಸುತ್ತಿ ಹಿಂದೆ ಕಟ್ಟಿ, ಅದು ಪರಚುವ ಜಾಗಕ್ಕೇ ತಾಗಿಸಿ ನೆಟ್ಟಗೆ ನಿಲ್ಲಿಸಿ. ತೆಂಗಿನ ನಾರಿನ ಹಗ್ಗ ಸುತ್ತಿದರೂ ಆಗುತ್ತದೆ. ಬೆಕ್ಕು ಮೈ ಪೂರ್ತಿ ಚಾಚುವಷ್ಟು, ಅಂದರೆ ಸುಮಾರು 3 ಅಡಿ ಎತ್ತರ ಬೇಕು. ಹಲಗೆ ಅಲ್ಲಾಡಲೇಬಾರದು, ಒಮ್ಮೆ ವಾಲಿದರೆ ಬೆಕ್ಕು ಮತ್ತೆ ಮುಟ್ಟುವುದು ಕಷ್ಟ. ಪರಚುವುದು ತುಂಟತನ ಅಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಪಾದದ ಗ್ರಂಥಿಗಳ ವಾಸನೆ ಬಿಟ್ಟು ತನ್ನ ಜಾಗ ಅಂತ ಗುರುತು ಹಾಕಬೇಕು. ಅದಕ್ಕೇ ಹಲಗೆಯನ್ನು ಯಾರೂ ಓಡಾಡದ ಮೂಲೆಯಲ್ಲಿಟ್ಟರೆ ಅದು ತಿರುಗಿಯೂ ನೋಡುವುದಿಲ್ಲ. ಸೋಫಾ ಬಿಟ್ಟು ಕಾಲೊರೆಸು, ಚಾಪೆ ಹಾಳು ಮಾಡುವ ಬೆಕ್ಕಾದರೆ ಹಲಗೆಯನ್ನು ನೆಲದ ಮೇಲೆ ಮಲಗಿಸಿ. ಹೊಸ ಬೆಕ್ಕು ಬಂದು ಅಥವಾ ಮನೆ ಬದಲಾಗಿ ಗಾಬರಿಯಿಂದ ಪರಚಾಟ ಜಾಸ್ತಿಯಾಗಿದ್ದರೆ ಹಲಗೆ ಒಂದೇ ಸಾಲದು. ಇನ್ನು ತೊಡೆ ಮೇಲೆ ಕೂತು ಹಿಟ್ಟು ನಾದಿದ ಹಾಗೆ ಮುಂಗಾಲು ಒತ್ತುವುದು ಬೇರೆ ವಿಷಯ. ಮರಿಯಾಗಿದ್ದಾಗ ಹಾಲಿಗಾಗಿ ತಾಯಿಯ ಹೊಟ್ಟೆ ಒತ್ತುತ್ತಿದ್ದ ಅಭ್ಯಾಸ ಅದು, ಪಾಪ, ಬೈಯಬೇಡಿ. ದಪ್ಪ ಟವೆಲ್ ಮಡಚಿ ಮೊದಲೇ ತೊಡೆ ಮೇಲೆ ಹಾಕಿಕೊಳ್ಳಿ. ಆಗಾಗ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಿ. ಒಳಗೆ ಗುಲಾಬಿ ಬಣ್ಣ ಕಾಣುವ ಕಡೆ ರಕ್ತನಾಳ, ನರ ಇರುತ್ತವೆ, ಅಲ್ಲಿಗೆ ಕತ್ತರಿ ತಾಗಿದರೆ ನೋವೂ ಆಗುತ್ತದೆ, ರಕ್ತವೂ ಬರುತ್ತದೆ.