8,940 ರೂಪಾಯಿಯ ಕಾರ್ ಇನ್ಶೂರೆನ್ಸ್ ಕೊಟೇಶನ್ ಬಿಟ್ಟು 14,000 ಕಟ್ಟಿದ ಕಥೆ

2023ರ ಜುಲೈ, ಜಡಿ ಮಳೆ. ಆಗುಂಬೆ ಘಾಟಿಯಲ್ಲಿ ಎದುರು ಬಂದ ವ್ಯಾನಿಗೆ ದಾರಿ ಬಿಡಲು ಹೋಗಿ ನನ್ನ ಸ್ವಿಫ್ಟ್‌ನ ಎಡ ಮೂತಿಯನ್ನು ತಡೆಗೋಡೆಗೆ ಉಜ್ಜಿದೆ. ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ಬಿಲ್ 28,000 ರೂಪಾಯಿ ಆಯಿತು. ಫುಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ಆರಾಮಾಗಿ ಕಾಫಿ ಕುಡಿಯುತ್ತಾ ಕೂತಿದ್ದೆ. ಕೊನೆಗೆ ನನ್ನ ಜೇಬಿನಿಂದ ಹೋಗಿದ್ದು 10,650.

ಲೆಕ್ಕ ಹೀಗಿತ್ತು. 6,000ದ ಬಂಪರ್, 9,000ದ ಹೆಡ್‌ಲೈಟ್ ಎರಡೂ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ಕಾರು ಹೊಸದಾದರೂ ಇನ್ಶೂರೆನ್ಸಿನವರು ಸವಕಳಿ ಎಂದು ಅರ್ಧ ಮುರಿದುಕೊಳ್ಳುತ್ತಾರೆ, ಅಂದರೆ 7,500 ಹೋಯಿತು. 4,000ದ ಫೆಂಡರ್ ಕಬ್ಬಿಣದ್ದು. ನಾಲ್ಕು ವರ್ಷ ದಾಟಿದ ಕಾರಾದ್ದರಿಂದ ಅದರಲ್ಲಿ ಶೇ. 35. ಪೇಂಟಿನಲ್ಲಿ 750. ಮೇಲೆ ನನ್ನಂಥ ಕಾರಿನವರು ಪ್ರತಿ ಕ್ಲೈಮಿಗೂ ಕೈಯಿಂದ ಕಟ್ಟಲೇಬೇಕಾದ 1,000. ಜೊತೆಗೆ ನಾಲ್ಕು ವರ್ಷ ಜೋಪಾನ ಮಾಡಿದ್ದ ಶೇ. 45ರ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಯಾಯಿತು.

2024ರ ಮೇ ತಿಂಗಳಲ್ಲಿ ರಿನ್ಯೂವಲ್ ಬಂತು. ಕಾರಿಗೆ ಐದು ವರ್ಷ ತುಂಬುತ್ತಿತ್ತು. "ಯಾವುದಾದ್ರೂ ಒಂದು ಮಾಡಿಸಪ್ಪ, ಎಲ್ಲಾ ಒಂದೇ" ಅಂದರು ಅಪ್ಪ. ಸರ್ಕಾರಿ ಕಂಪನಿಯ ಏಜೆಂಟ್ ಒಬ್ಬರು, ಶೋರೂಮ್, ಮೊಬೈಲಿನಲ್ಲಿ ಎರಡು ಖಾಸಗಿ ಕಂಪನಿ, ಹೀಗೆ ನಾಲ್ಕು ಕಡೆ ಕೊಟೇಶನ್ ತಗೊಂಡೆ. ಅತಿ ಕಡಿಮೆಯದು 8,940. ಅತಿ ಜಾಸ್ತಿಯದು ಅದರ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ.

ಇಷ್ಟು ಅಂತರ ಹೇಗೆ? ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆಯ ದರ ಸರ್ಕಾರವೇ ನಿಗದಿ ಮಾಡುವುದು. 1,000ದಿಂದ 1,500 ಸಿಸಿವರೆಗಿನ ಕಾರಿಗೆ ಆಗ 3,416, ಯಾವ ಕಂಪನಿಗೆ ಹೋದರೂ ಅಷ್ಟೇ. ಹಾಗಾದರೆ ವ್ಯತ್ಯಾಸ ಇರುವುದೆಲ್ಲ ನಮ್ಮ ಸ್ವಂತ ಗಾಡಿಯ ಡ್ಯಾಮೇಜ್ ಭಾಗದಲ್ಲಿ. ಆ 8,940ರ ಕೊಟೇಶನ್ನನ್ನು ಒಂದೊಂದೇ ಸಾಲು ಓದಿದೆ. ಕಾರಿನ ಬೆಲೆ, ಅಂದರೆ ಐಡಿವಿ, 2.6 ಲಕ್ಷ ಹಾಕಿದ್ದರು. ಉಳಿದವರದ್ದು 3.4 ಲಕ್ಷದ ಆಸುಪಾಸು. ಕಾರು ಕಳುವಾದರೆ ಕೈಗೆ ಬರುವುದು ಈ ಐಡಿವಿ ಲೆಕ್ಕದ ದುಡ್ಡೇ ಅಲ್ವಾ? ಕೆಳಗೆ 7,500 ರೂಪಾಯಿವರೆಗಿನ ನಷ್ಟ ನಾನೇ ಭರಿಸುತ್ತೇನೆ ಅನ್ನುವುದಕ್ಕೆ ಮೊದಲೇ ಟಿಕ್ ಬಿದ್ದಿತ್ತು. ಅದಕ್ಕಿಂತ ಮಜಾ ಅಂದರೆ ಬೋನಸ್ ಜಾಗದಲ್ಲಿ ತಾನಾಗಿಯೇ ಶೇ. 50 ಬಂದು ಕೂತಿತ್ತು. ಹೋದ ವರ್ಷ ಕ್ಲೈಮ್ ಮಾಡಿದ್ದೇನೆ ಎಂದು ಬದಲಾಯಿಸಿದ್ದೇ ತಡ, ಬೆಲೆ ಜಿಗಿಯಿತು. ಸುಮ್ನೆ ಬಿಟ್ಟಿದ್ದರೆ ಸುಳ್ಳು ಹೇಳಿದವನು ನಾನಾಗುತ್ತಿದ್ದೆ. ಮುಂದೆ ಕ್ಲೈಮ್ ಬಂದಾಗ ಅದನ್ನೇ ಎತ್ತಿ ತೋರಿಸುತ್ತಿದ್ದರು.

ಒಂದು ಹಾಳೆಯಲ್ಲಿ ನಾಲ್ಕನ್ನೂ ಸಮ ಮಾಡಿದೆ. ಐಡಿವಿ 3.4 ಲಕ್ಷ, ಬೋನಸ್ ಸೊನ್ನೆ, ಹೆಚ್ಚುವರಿ ಕಡಿತ ಇಲ್ಲ, ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆ. ಈಗ ಅಂತರ ಸಾವಿರ, ಸಾವಿರದಿನ್ನೂರಕ್ಕೆ ಇಳಿಯಿತು.

ನನಗೆ ಬೇಕಿದ್ದದ್ದು ಬಂಪರ್ ಟು ಬಂಪರ್, ಅಂದರೆ ಝೀರೋ ಡೆಪ್. ಪಾರ್ಟ್ಸ್‌ನಲ್ಲಿ ಸವಕಳಿ ಎಂದು ಹಾಗೆ ಅರ್ಧಕ್ಕರ್ಧ ಮುರಿಯದ ಕವರ್ ಅದು. ಇಬ್ಬರು "ಐದು ವರ್ಷ ಆಯ್ತಲ್ಲ ಸಾರ್, ಬರಲ್ಲ" ಅಂದರು. ಉಳಿದಿದ್ದು ಇಬ್ಬರು. ಅವರೂ ವರ್ಷಕ್ಕೆ ಎರಡೇ ಕ್ಲೈಮ್ ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನನಗೆ ಅಷ್ಟು ಸಾಕಿತ್ತು.

ಆಮೇಲೆ ಮಾಡಿದ ಕೆಲಸವೇ ಹೆಚ್ಚು ಉಪಯೋಗಕ್ಕೆ ಬಂತು. ಸಾಗರ ರಸ್ತೆಯ ಸರ್ವಿಸ್ ಸೆಂಟರಿಗೆ ಹೋಗಿ, ಇನ್ಶೂರೆನ್ಸ್ ಕೆಲಸ ನೋಡಿಕೊಳ್ಳುವ ಹುಡುಗನ ಹತ್ತಿರ ಎರಡೂ ಹೆಸರು ಹೇಳಿದೆ. ಅವನು ನಕ್ಕ. "ರೇಟು ಬಿಡಿ ಸಾರ್, ಸರ್ವೇಯರ್ ಎಲ್ಲಿಂದ ಬರ್ತಾರೆ ಅಂತ ಕೇಳಿ." ಒಂದು ಕಂಪನಿಯ ಸರ್ವೇಯರ್, ಅಂದರೆ ಡ್ಯಾಮೇಜ್ ನೋಡಿ ಲೆಕ್ಕ ಹಾಕುವವರು, ಊರಲ್ಲೇ ಇದ್ದಾರೆ, ಸಣ್ಣಪುಟ್ಟದ್ದಾದರೆ ಫೋಟೋದಲ್ಲೇ ಅಪ್ರೂವಲ್ ಕೊಡ್ತಾರೆ. ಇನ್ನೊಂದು ಕಂಪನಿಯ ಆ್ಯಪಿನಲ್ಲಿ ನಮ್ಮೂರಿನ ಮೂರು ಕ್ಯಾಶ್‌ಲೆಸ್ ಗ್ಯಾರೇಜುಗಳ, ಅಂದರೆ ಕಂಪನಿಯೇ ನೇರ ಬಿಲ್ ಕಟ್ಟುವ ಗ್ಯಾರೇಜುಗಳ, ಹೆಸರಿತ್ತು. ಮನೆಗೆ ಬಂದು ಮೂರಕ್ಕೂ ಫೋನ್ ಮಾಡಿದೆ. ಒಂದು ಬಾಗಿಲು ಹಾಕಿತ್ತು, ಇನ್ನೊಂದು "ಅವ್ರ ಜೊತೆ ಕ್ಯಾಶ್‌ಲೆಸ್ ಬಿಟ್ಟು ತುಂಬಾ ದಿನ ಆಯ್ತು" ಅಂದಿತು.

ಮೊದಲನೆಯ ಕಂಪನಿಯದನ್ನೇ ಮಾಡಿಸಿದೆ. ಝೀರೋ ಡೆಪ್ ಜೊತೆ ಇಂಜಿನ್ ಕವರ್ ಕೂಡ ಸೇರಿಸಿದೆ. ಮಲೆನಾಡಿನ ಮಳೆಯಲ್ಲಿ ಓಡಾಡುವವನಿಗೆ ಅದು ದುಂದು ಅನ್ನಿಸಲಿಲ್ಲ. ಇಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಮಾಮೂಲಿ ಪಾಲಿಸಿ ಆ ಖರ್ಚು ಕೊಡುವುದಿಲ್ಲ. ಜಿಎಸ್‌ಟಿ ಸೇರಿ 14,000 ಚಿಲ್ಲರೆ ಆಯಿತು. ಅಪ್ಪ ರಸೀದಿ ನೋಡಿ ಮಾತಾಡಲಿಲ್ಲ.

ಮುಂದಿನ ವರ್ಷ ಶೇ. 20 ಬೋನಸ್ ಬಂತು. ಅದಾಗಿ ಸ್ವಲ್ಪ ದಿನಕ್ಕೆ ಮಾರ್ಕೆಟ್ಟಿನಲ್ಲಿ ಯಾರೋ ರಿವರ್ಸ್ ತಗೊಳ್ಳುವಾಗ ನನ್ನ ಹಿಂದಿನ ಲೈಟ್ ಒಡೆದು ಹೋದರು. 3,100 ಖರ್ಚು. ಕ್ಲೈಮ್ ಹಾಕಿದರೆ ಸಿಗುವುದು 2,100, ಕಳೆದುಕೊಳ್ಳುವುದು ಮುಂದಿನ ಸಲದ ಶೇ. 25 ಬೋನಸ್, ಸುಮಾರು 1,200. ಅದರ ಮೇಲೆ ಮತ್ತೆ ಸೊನ್ನೆಯಿಂದ ಶುರು. ಸರ್ವಿಸ್ ಸೆಂಟರಿನ ಆ ಹುಡುಗನನ್ನೇ ಕೇಳಿದೆ. "ಕೈಯಿಂದಾನೇ ಹಾಕ್ಸಿ ಸಾರ್" ಅಂದ. ಹಾಕಿಸಿದೆ.